ರಿವರ್ಸ್ ಹಾಕುವಾಗ ‘ಕರ್ರ್’ ಅನ್ನುತ್ತದೆ: ಹೋಗಿರುವುದು ಗೇರ್‌ಬಾಕ್ಸಾ, ಕ್ಲಚ್ಚಾ?

ಸೋಮವಾರಪೇಟೆ ಕಾಫಿ:

ಎಲ್ಲರಿಗೂ ನಮಸ್ಕಾರ. ನನ್ನದು ಐದು ಗೇರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು, ಮೀಟರ್ 70,000 ಕಿ.ಮೀ. ದಾಟಿದೆ. ಮುಂದಿನ ಐದು ಗೇರೂ ಸಲೀಸಾಗಿ ಬೀಳುತ್ತವೆ. ರಿವರ್ಸ್ ಹಾಕುವಾಗ ಮಾತ್ರ ‘ಕರ್ರ್’ ಅನ್ನುತ್ತದೆ. ಒಮ್ಮೊಮ್ಮೆ ಲಿವರ್ ನಡುಗುವುದು ಅಂಗೈಗೇ ತಾಗುತ್ತದೆ.

ನಮ್ಮ ಮನೆ ರಸ್ತೆಗಿಂತ ಕೆಳಗಿದೆ. ಬೆಳಗಾದರೆ ಅಂಗಳದಿಂದ ರಿವರ್ಸ್‌ನಲ್ಲೇ ಏರು ಹತ್ತಿಸಿ ಗಾಡಿಯನ್ನು ರಸ್ತೆಗೆ ತರಬೇಕು. ಬೇರೆಯವರಿಗೆ ರಿವರ್ಸ್ ಅಪರೂಪದ ಗೇರು ಇರಬಹುದು, ನನಗೆ ಅದೇ ಮೊದಲನೆಯದು.

ಇಬ್ಬರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ. ಒಬ್ಬರು ಸುಮ್ನೆ ಒಂದೆರಡು ಸಲ ಹಾಕಿ ನೋಡಿ ‘ಕ್ಲಚ್ ಸೆಟ್ ಪೂರ್ತಿ ಬದಲಿಸಬೇಕು’ ಎಂದರು. ಇನ್ನೊಬ್ಬರು ‘ಗೇರ್‌ಬಾಕ್ಸ್ ಇಳಿಸಿ ಬಿಚ್ಚಿ ನೋಡೋಣ’ ಎಂದರು. ಎರಡೂ ದೊಡ್ಡ ಖರ್ಚು. ಬಿಚ್ಚುವ ಮೊದಲು ನಾನೇ ಏನಾದರೂ ಪರೀಕ್ಷೆ ಮಾಡಿ ತಿಳಿಯಬಹುದಾ?

ಹುಬ್ಬಳ್ಳಿ ಗ್ಯಾರೇಜ್:

ಸರ್, ಬಿಚ್ಚುವ ಮಾತು ಆಮೇಲೆ. ಮೊದಲು ಕೆಲವು ವಿಷಯ ಹೇಳಿ. ಶಬ್ದ ಬರುವುದು ಗೇರು ಹಾಕುವ ಕ್ಷಣದಲ್ಲಾ, ಇಲ್ಲ ಗಾಡಿ ಹಿಂದಕ್ಕೆ ಹೋಗುವಾಗಲೂ ಇರುತ್ತದಾ? ಹಿಂದಕ್ಕೆ ಹೋಗುವಾಗ ‘ವೂಂ’ ಅಂತ ಬರುತ್ತದಲ್ಲ, ಅದು ಬೇರೆ. ಹೆಚ್ಚಿನ ಗಾಡಿಗಳಲ್ಲಿ ಅದು ಇದ್ದದ್ದೇ, ತಲೆ ಕೆಡಿಸಿಕೊಳ್ಳಬೇಡಿ.

ಬೆಳಗ್ಗೆ ತಣ್ಣಗಿದ್ದಾಗ ಜಾಸ್ತಿಯಾ, ಓಡಿಸಿ ಬಿಸಿಯಾದ ಮೇಲೆ ಜಾಸ್ತಿಯಾ? ಕ್ಲಚ್ ಕೇಬಲ್‌ನದಾ, ಆಯಿಲ್‌ನದಾ? ಪೆಡಲ್ ಎಷ್ಟು ಮೇಲೆ ಬಂದಾಗ ಗಾಡಿ ಎಳೆಯಲು ಶುರು ಮಾಡುತ್ತದೆ? ಇಂಜಿನ್ ಆಫ್ ಮಾಡಿ ಹಾಕಿದರೆ ರಿವರ್ಸ್ ಬೀಳುತ್ತದಾ? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಅಲ್ಲಿಯ ತನಕ ದಯವಿಟ್ಟು ಶಬ್ದ ಬಂದರೂ ಒತ್ತಿ ಹಾಕಬೇಡಿ. ಹಲ್ಲಿನ ಅಂಚಿಗೆ ಅಂಚು ತಾಗಿ ಬರುವ ಶಬ್ದ ಅದು. ಹಾಗೆ ಒತ್ತಿದಷ್ಟೂ ಅಂಚು ಸವೆಯುತ್ತದೆ. ಜಾಸ್ತಿ ಸವೆದರೆ ಹಾಕಿದ ರಿವರ್ಸ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬರುತ್ತದೆ. ನಿಮ್ಮಂಥ ಏರಿನಲ್ಲಿ ಹಾಗಾಗಬಾರದು.

ತುಮಕೂರು ಮೇಷ್ಟ್ರು:

ನಾನು ಡಿಪ್ಲೊಮಾ ಹುಡುಗರಿಗೆ ಆಟೊಮೊಬೈಲ್ ಪಾಠ ಮಾಡುತ್ತೇನೆ. ಮುಂದಿನ ಐದೂ ಸರಿಯಿದ್ದು ರಿವರ್ಸ್ ಒಂದೇ ಯಾಕೆ ಹೀಗೆ ಮಾಡುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಅದು ಗೊತ್ತಿದ್ದರೆ ಹುಬ್ಬಳ್ಳಿಯವರು ಕೇಳಿದ ಪ್ರಶ್ನೆಗಳೆಲ್ಲ ಯಾಕೆ ಅಂತ ತಿಳಿಯುತ್ತದೆ.

ಮುಂದಿನ ಗೇರುಗಳ ಹಲ್ಲು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ನೀವು ಲಿವರ್ ಸರಿಸಿದಾಗ ಒಳಗೆ ಒಂದು ಸ್ಲೀವ್ ಸರಿದು, ಬೇಕಾದ ಗೇರನ್ನು ಶಾಫ್ಟಿಗೆ ಸೇರಿಸುತ್ತದೆ, ಅಷ್ಟೇ. ಅದಕ್ಕೂ ಮೊದಲು ಹಿತ್ತಾಳೆಯ ಸಿಂಕ್ರೊ ರಿಂಗ್ ಬಂದು ಗೇರಿನ ಕೋನ್ ಮೇಲೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ. ಸಮವಾಗುವ ತನಕ ಸ್ಲೀವ್ ಮುಂದೆ ಹೋಗಲು ಆ ರಿಂಗ್ ಬಿಡುವುದಿಲ್ಲ. 1928ರಲ್ಲಿ ಕ್ಯಾಡಿಲ್ಯಾಕ್ ಕಾರಿನಲ್ಲಿ ಮೊದಲು ಬಂದ ಏರ್ಪಾಡು ಇದು.

ರಿವರ್ಸ್‌ಗೆ ಬಹಳಷ್ಟು ಕಾರುಗಳಲ್ಲಿ ಸಿಂಕ್ರೊ ಇಲ್ಲ. ಎರಡು ಗೇರು ಕೂಡಿದಾಗ ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗುತ್ತದೆ. ದಿಕ್ಕು ಇನ್ನೊಮ್ಮೆ ಬದಲಾಗಬೇಕಾದರೆ ನಡುವೆ ಮೂರನೆಯದೊಂದು ಬರಬೇಕು. ಅದೇ ಐಡ್ಲರ್ ಗೇರು. ನೀವು ರಿವರ್ಸ್ ಹಾಕಿದಾಗ ಈ ಐಡ್ಲರ್ ಜಾರಿ ಬಂದು ಆ ಎರಡರ ನಡುವೆ ಕೂರುತ್ತದೆ. ಜಾರಿ ಸೇರಬೇಕಲ್ಲ, ಅದಕ್ಕೇ ಅದರ ಹಲ್ಲು ನೇರ. ಮುಂದಿನ ಗೇರುಗಳ ಹಲ್ಲು ಓರೆ. ಹಿಂದಕ್ಕೆ ಹೋಗುವಾಗ ಕೇಳುವ ‘ವೂಂ’ ಈ ನೇರ ಹಲ್ಲಿನದ್ದೇ. ಎದುರಿನ ಗೇರು ನಿಂತಿದ್ದರೆ ಐಡ್ಲರ್ ಸುಮ್ಮನೆ ಹೋಗಿ ಕೂರುತ್ತದೆ. ತಿರುಗುತ್ತಿದ್ದರೆ ಕರ್ರ್.

‘ಗಾಡಿ ನಿಂತಿದೆಯಲ್ಲ, ಇನ್ನೇನು ತಿರುಗುತ್ತಿದೆ?’ ಎಂದು ಹುಡುಗರು ಕೇಳುತ್ತಾರೆ. ಚಕ್ರದ ಕಡೆಯ ಶಾಫ್ಟ್ ನಿಂತಿದೆ, ನಿಜ. ಇಂಜಿನ್ ಕಡೆಯ ಇನ್‌ಪುಟ್ ಶಾಫ್ಟ್ ನಿಂತಿಲ್ಲ. ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಬಿಟ್ಟಿರುವಾಗ ಅದು ಇಂಜಿನ್ ವೇಗದಲ್ಲೇ ಸುತ್ತುತ್ತದೆ. ಇಂಜಿನ್ 800 ಆರ್‌ಪಿಎಂನಲ್ಲಿ ಐಡ್ಲಿಂಗ್ ಇದ್ದರೆ ಸೆಕೆಂಡಿಗೆ 13 ಸುತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ 1200ರಲ್ಲಿದ್ದರೆ ಸೆಕೆಂಡಿಗೆ 20. ಕ್ಲಚ್ ಒತ್ತಿದ ಕೂಡಲೇ ಇಂಜಿನ್ ಸಂಬಂಧ ಕಡಿಯುತ್ತದೆ. ಆದರೂ ಕ್ಲಚ್ ಪ್ಲೇಟು, ಶಾಫ್ಟು ಎರಡೂ ಸ್ವಿಚ್ ಆಫ್ ಮಾಡಿದ ಫ್ಯಾನಿನ ಹಾಗೆ ಸ್ವಲ್ಪ ಹೊತ್ತು ಸುತ್ತುತ್ತಲೇ ಇರುತ್ತವೆ.

ಆದ್ದರಿಂದ ಕೇಳಬೇಕಾದ್ದು ಇಷ್ಟೇ. ಆ ಶಾಫ್ಟ್ ನಿಲ್ಲಲು ಸಮಯ ಕೊಡುತ್ತಿಲ್ಲವಾ? ಇಲ್ಲ, ಸಮಯ ಕೊಟ್ಟರೂ ಅದು ನಿಲ್ಲುತ್ತಿಲ್ಲವಾ? ಮೊದಲನೆಯದಾದರೆ ರಿಪೇರಿಯೇ ಬೇಡ. ಎರಡನೆಯದಾದರೆ ಪೆಡಲ್ ಒತ್ತಿದರೂ ಕ್ಲಚ್ ಇಂಜಿನ್‌ನಿಂದ ಪೂರ್ತಿ ಬಿಡುತ್ತಿಲ್ಲ. ಗೇರ್‌ಬಾಕ್ಸ್ ಬಿಚ್ಚುವ ಸರದಿ ಇವೆರಡೂ ಆದ ಮೇಲೆ.

ಮೈಸೂರು ಡ್ರೈವಿಂಗ್ ಕ್ಲಾಸ್:

ಮೇಷ್ಟ್ರು ಹೇಳಿದ ‘ಸಮಯ’ದ ಬಗ್ಗೆ ಒಂದು ಮಾತು. ನನ್ನ ಹತ್ತಿರ ಕಲಿಯಲು ಬರುವವರಿಗೆ ಹೇಳುವುದು: ಗಾಡಿ ಪೂರ್ತಿ ನಿಲ್ಲಬೇಕು, ಕ್ಲಚ್ ತಳ ಮುಟ್ಟುವ ತನಕ ಒತ್ತಬೇಕು, ಮನಸ್ಸಿನಲ್ಲೇ ಒಂದು ಎರಡು ಮೂರು ಎಣಿಸಿ ಆಮೇಲೆ ರಿವರ್ಸ್. ಪಾರ್ಕಿಂಗ್ ಮಾಡುವಾಗ ಹಿಂದೆ ಯಾರೋ ಹಾರ್ನ್ ಹೊಡೆಯುತ್ತಾರೆ, ಗಡಿಬಿಡಿಯಲ್ಲಿ ಗಾಡಿ ಇನ್ನೂ ಮುಂದಕ್ಕೆ ಉರುಳುತ್ತಿರುವಾಗಲೇ ರಿವರ್ಸ್ ಎಳೆಯುತ್ತಾರೆ. ಆಗ ಚಕ್ರದ ಕಡೆಯ ಶಾಫ್ಟ್ ಕೂಡ ತಿರುಗುತ್ತಿರುತ್ತದೆ ಅಲ್ವಾ, ಶಬ್ದ ಬಂದೇ ಬರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಸಡಿಲ ಬಿಟ್ಟರೂ ಇದೇ ಕಥೆ.

ಸೀಟಿನ ಜಾಗವನ್ನೂ ನೋಡಿಕೊಳ್ಳಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ತುದಿಗಾಲಲ್ಲಿ ಒತ್ತುವವರು ಎಷ್ಟೋ ಸಲ ಪೆಡಲ್ ತಳದ ತನಕ ಹೋಗಿಲ್ಲ ಅನ್ನುವುದನ್ನೇ ಗಮನಿಸಿರುವುದಿಲ್ಲ. ಇನ್ನು ಫ್ಲೋರ್ ಮ್ಯಾಟ್. ಮಳೆಗಾಲಕ್ಕೆಂದು ಮ್ಯಾಟ್ ಮೇಲೆ ಮ್ಯಾಟ್ ಹಾಕಿರುತ್ತಾರೆ. ಅದು ಮಡಚಿಕೊಂಡು ಪೆಡಲ್ ಕೆಳಗೆ ಸೇರಿದರೆ ಕ್ಲಚ್ ಅಲ್ಲಿಗೇ ನಿಲ್ಲುತ್ತದೆ. ಮ್ಯಾಟ್ ತೆಗೆದು ಪೆಡಲನ್ನು ಕೈಯಲ್ಲೇ ಒತ್ತಿ ನೋಡಿ.

ಇನ್ನೊಂದು ಉಪಾಯ. ಕ್ಲಚ್ ಒತ್ತಿ ಹಿಡಿದು ಮೊದಲು ಒಂದನೇ ಗೇರಿಗೆ ಹಾಕಿ. ಕ್ಲಚ್ ಬಿಡದೆ ಅಲ್ಲಿಂದ ನೇರ ರಿವರ್ಸ್‌ಗೆ ತನ್ನಿ. ಬಹಳ ಗಾಡಿಗಳಲ್ಲಿ ಶಬ್ದವೇ ಇರುವುದಿಲ್ಲ.

ತುಮಕೂರು ಮೇಷ್ಟ್ರು:

ಮೇಡಂ ಹೇಳಿದ ಉಪಾಯಕ್ಕೆ ಕಾರಣವೂ ಸಿಂಕ್ರೊ ರಿಂಗೇ. ಗಾಡಿ ನಿಂತಿರುವಾಗ ಒಂದನೇ ಗೇರು ಹಾಕಿದರೆ ಅದರ ರಿಂಗ್, ಸುತ್ತುತ್ತಿರುವ ಇನ್‌ಪುಟ್ ಶಾಫ್ಟನ್ನು ನಿಂತಿರುವ ಶಾಫ್ಟಿಗೆ ಸೇರಿಸಿ ನಿಲ್ಲಿಸಿಬಿಡುತ್ತದೆ. ಕ್ಲಚ್ ಬಿಡದಿದ್ದರೆ ಅದು ಮತ್ತೆ ಸುತ್ತಲು ಶುರು ಮಾಡುವುದಿಲ್ಲ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೂ ಸಿಂಕ್ರೊ ಕೊಟ್ಟಿರುತ್ತಾರೆ, ಅವುಗಳಲ್ಲಿ ಇದೆಲ್ಲ ಬೇಕಾಗುವುದಿಲ್ಲ.

ಹಾಸನ ಹಳೇ ಸ್ಟೀರಿಂಗ್:

ನಾನು ಬಸ್ಸು, ಲಾರಿ ಓಡಿಸಿ ನಿವೃತ್ತನಾದವನು. ಅದಕ್ಕೂ ಮೊದಲು ಪದ್ಮಿನಿ ಟ್ಯಾಕ್ಸಿ ಇತ್ತು. ಅದರಲ್ಲಿ ಗೇರು ಸ್ಟೀರಿಂಗ್ ಪಕ್ಕ. ಒಂದನೇ ಗೇರಿಗೂ ಸಿಂಕ್ರೊ ಇರಲಿಲ್ಲ. ಗಾಡಿ ಉರುಳುತ್ತಿರುವಾಗ ಒಂದನೇ ಗೇರಿಗೆ ಇಳಿಸಬೇಕಾದರೆ ಡಬಲ್ ಕ್ಲಚ್ ಹೊಡೆಯಲೇಬೇಕು, ಅಂದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಒಮ್ಮೆ ಬಿಟ್ಟು, ಮತ್ತೆ ಒತ್ತಿ ಗೇರು ಹಾಕಬೇಕು.

ಈಗಿನ ಹುಡುಗರು ರಿವರ್ಸ್‌ಗೂ ಡಬಲ್ ಕ್ಲಚ್ ಹೊಡೆಯಿರಿ ಎಂದು ಹೇಳುವುದನ್ನು ಕೇಳಿದ್ದೇನೆ. ಅದು ಓಡುವ ಗಾಡಿಯ ವಿದ್ಯೆ. ನಿಂತ ಗಾಡಿಯಲ್ಲಿ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟರೆ ಆಗಲೇ ನಿಧಾನವಾಗುತ್ತಿದ್ದ ಶಾಫ್ಟ್ ಮತ್ತೆ ಇಂಜಿನ್ ಜತೆ ಸುತ್ತಲು ಶುರು ಮಾಡುತ್ತದೆ. ನಿಂತ ಬಸ್ಸಿಗೆ ರಿವರ್ಸ್ ಹಾಕುವಾಗ ನಾವೂ ಕ್ಲಚ್ ಒತ್ತಿಕೊಂಡು ಕಾಯುತ್ತಿದ್ದೆವು.

ಒಂದು ಸಂದರ್ಭದಲ್ಲಿ ಮಾತ್ರ ಕ್ಲಚ್ ಬಿಟ್ಟು ಮತ್ತೆ ಒತ್ತುವುದು ಸರಿ. ಶಬ್ದವೇನೂ ಬರುವುದಿಲ್ಲ, ಲಿವರ್ ಮಾತ್ರ ಗೋಡೆಗೆ ತಾಗಿದ ಹಾಗೆ ನಿಂತುಬಿಡುತ್ತದೆ. ಹಲ್ಲಿನ ನೆತ್ತಿಗೆ ಹಲ್ಲು ಕೂತಿರುತ್ತದೆ. ಆಗ ನ್ಯೂಟ್ರಲ್‌ಗೆ ತಂದು ಕ್ಲಚ್ ಒಮ್ಮೆ ಬಿಟ್ಟು, ಒತ್ತಿ, ಕಾದು ಮತ್ತೆ ಹಾಕಿದರೆ ಹಲ್ಲು ಬೇರೆ ಜಾಗದಲ್ಲಿ ನಿಂತಿರುತ್ತದೆ, ಬೀಳುತ್ತದೆ. ಇದು ಕೆಟ್ಟದ್ದಲ್ಲ, ಎಲ್ಲ ಗಾಡಿಯಲ್ಲೂ ಆಗಾಗ ಆಗುವುದೇ.

ಸೋಮವಾರಪೇಟೆ ಕಾಫಿ:

ಎಲ್ಲರಿಗೂ ಧನ್ಯವಾದ. ಹೇಳಿದ್ದನ್ನೆಲ್ಲ ಮಾಡಿ ನೋಡಿದೆ.

ಇಂಜಿನ್ ಆಫ್ ಮಾಡಿದರೆ ರಿವರ್ಸ್ ಸಲೀಸಾಗಿ ಬೀಳುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ಕ್ಲಚ್ ಒತ್ತಿ ಕಾದರೆ ಹೆಚ್ಚಿನ ಸಲ ಶಬ್ದವಿಲ್ಲ. ಕಷ್ಟ ಇರುವುದು ಬಿಸಿಯಾದ ಮೇಲೆ. ಮಡಿಕೇರಿಗೆ ಹೋಗಿ ಬಂದು, ಪೇಟೆಯ ಜನಜಂಗುಳಿಯಲ್ಲಿ ನಿಲ್ಲಿಸುತ್ತ ಓಡಿಸುತ್ತ ಇದ್ದರೆ, ಹತ್ತು ಎಣಿಸಿದರೂ ಕರ್ರ್ ಅನ್ನುತ್ತದೆ. ಒಂದನೇ ಗೇರಿಗೆ ಹಾಕಿ ರಿವರ್ಸ್‌ಗೆ ತಂದರೂ ಅಷ್ಟೇ. ಆಗ ಒಂದನೇ ಗೇರು ಬೀಳುವಾಗಲೂ ಗಾಡಿ ಸಣ್ಣಗೆ ಕುಲುಕುತ್ತದೆ.

ಇನ್ನೊಂದು ಕಂಡಿತು. ಪೆಡಲನ್ನು ಎರಡು ಮೂರು ಸಲ ಪಟಪಟ ಒತ್ತಿ ಬಿಟ್ಟು, ಆಮೇಲೆ ಒತ್ತಿ ಹಿಡಿದರೆ ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ. ಕ್ಲಚ್ ಆಯಿಲ್‌ನದು. ಪೆಡಲ್ ತಳದಿಂದ ಸ್ವಲ್ಪ ಎತ್ತುವಷ್ಟರಲ್ಲೇ ಗಾಡಿ ಎಳೆಯುತ್ತದೆ. ಮ್ಯಾಟ್ ಒಂದೇ ಇದೆ, ಅಡ್ಡ ಬರುವುದಿಲ್ಲ.

ಹುಬ್ಬಳ್ಳಿ ಗ್ಯಾರೇಜ್:

ಸರ್, ಪಟಪಟ ಒತ್ತಿದರೆ ಸರಿಹೋಗುತ್ತದೆ ಅಂದಿರಲ್ಲ, ಅದೇ ಬೇಕಿದ್ದ ಸುಳಿವು. ಕ್ಲಚ್ ಸೆಟ್‌ಗೂ ಗೇರ್‌ಬಾಕ್ಸ್‌ಗೂ ಸದ್ಯ ಕೈ ಹಾಕಿಸಬೇಡಿ.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ತಳ್ಳುತ್ತದೆ. ಆ ಕಡೆ ಗೇರ್‌ಬಾಕ್ಸ್ ಹತ್ತಿರ ಸ್ಲೇವ್ ಸಿಲಿಂಡರ್ ಇದೆ, ಅದರ ರಾಡ್ ಫೋರ್ಕನ್ನು ತಳ್ಳುತ್ತದೆ. ಫೋರ್ಕ್ ರಿಲೀಸ್ ಬೇರಿಂಗನ್ನು ಒತ್ತಿದಾಗ ಕ್ಲಚ್ ಪ್ಲೇಟನ್ನು ಅದುಮಿ ಹಿಡಿದಿದ್ದ ಪ್ರೆಶರ್ ಪ್ಲೇಟ್ ಸಡಿಲವಾಗಿ ಕ್ಲಚ್ ಪ್ಲೇಟ್ ಬಿಡುಗಡೆಯಾಗುತ್ತದೆ. ಆಯಿಲನ್ನು ಹಿಂಡಿ ಕುಗ್ಗಿಸಲು ಆಗುವುದಿಲ್ಲ. ಗಾಳಿಯನ್ನು ಆಗುತ್ತದೆ. ಲೈನಿನಲ್ಲಿ ಗಾಳಿ ಸೇರಿದರೆ ನೀವು ಒತ್ತಿದ್ದರಲ್ಲಿ ಒಂದಷ್ಟು ಗಾಳಿ ಕುಗ್ಗಿಸುವುದಕ್ಕೇ ಹೋಗುತ್ತದೆ. ರಾಡ್ ಪೂರ್ತಿ ಹೊರಗೆ ಬರುವುದಿಲ್ಲ. ಪ್ಲೇಟ್ ಪೂರ್ತಿ ಬಿಡುವುದಿಲ್ಲ, ಸಣ್ಣಗೆ ಉಜ್ಜುತ್ತ ಶಾಫ್ಟನ್ನು ಸುತ್ತಿಸುತ್ತಲೇ ಇರುತ್ತದೆ. ಪಟಪಟ ಒತ್ತಿದಾಗ ಬಾನೆಟ್ ಕೆಳಗಿನ ಆಯಿಲ್ ಡಬ್ಬಿಯಿಂದ ಇನ್ನಷ್ಟು ಆಯಿಲ್ ಲೈನಿಗೆ ಬಂದು ಸೇರುತ್ತದೆ, ಆ ಒಂದು ಸಲಕ್ಕೆ ರಾಡ್ ಪೂರ್ತಿ ಚಲಿಸುತ್ತದೆ. ಬಿಸಿಯಾದಾಗ ಜಾಸ್ತಿ ಆಗುವುದಕ್ಕೂ ಇದೇ ಕಾರಣ, ಗಾಳಿ ಬಿಸಿಗೆ ಹಿಗ್ಗುತ್ತದೆ.

ಖಾತ್ರಿ ಮಾಡಿಕೊಳ್ಳಿ. ಸಮತಟ್ಟಾದ ಖಾಲಿ ಜಾಗದಲ್ಲಿ ನಿಲ್ಲಿಸಿ. ಮುಂದೆ ಹಿಂದೆ ಯಾರೂ ಇರಬಾರದು, ಗೋಡೆಯೂ ಹತ್ತಿರ ಇರಬಾರದು. ಇಂಜಿನ್ ಬಿಸಿಯಿರಲಿ. ಬ್ರೇಕ್ ಒತ್ತಿಕೊಂಡು, ಕ್ಲಚ್ ತಳ ಮುಟ್ಟಿಸಿ ಒಂದನೇ ಗೇರಿಗೆ ಹಾಕಿ. ಕ್ಲಚ್ ಹಾಗೇ ಇಟ್ಟು ಬ್ರೇಕ್‌ನಿಂದ ಕಾಲು ತೆಗೆದು ಆಕ್ಸಿಲರೇಟರ್ ಸ್ವಲ್ಪ ಕೊಡಿ. ಗಾಡಿ ಒಂಚೂರು ಮುಂದಕ್ಕೆ ಸರಿಯಲು ನೋಡಿದರೂ ಕ್ಲಚ್ ಬಿಡುತ್ತಿಲ್ಲ ಎಂದೇ ಅರ್ಥ. ಕೂಡಲೇ ಬ್ರೇಕ್ ಹಿಡಿಯಿರಿ.

ಆಮೇಲೆ ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಮಟ್ಟ ಎಷ್ಟಿದೆ, ಬಣ್ಣ ಹೇಗಿದೆ ಹೇಳಿ. ಸ್ಲೇವ್ ಸಿಲಿಂಡರ್ ಹೊರಗೇ ಕಾಣುತ್ತಿದ್ದರೆ ಅದರ ತುದಿಯ ರಬ್ಬರ್ ಬೂಟನ್ನು ಬೆರಳಲ್ಲಿ ಸ್ವಲ್ಪ ಸರಿಸಿ ನೋಡಿ. ಒಳಗೆ ಒಣಗಿರಬೇಕು.

ಬೆಂಗಳೂರು ಟ್ರಾಫಿಕ್:

ನಡುವೆ ಬಂದದ್ದಕ್ಕೆ ಕ್ಷಮಿಸಿ. ಗೇರ್ ಆಯಿಲ್ ಬದಲಿಸಿ ದಪ್ಪದ್ದು ಹಾಕಿದರೆ ಶಬ್ದ ಹೋಗುತ್ತದೆ ಎಂದು ನಮ್ಮ ಕಡೆ ಒಬ್ಬರು ಹೇಳಿದರು. ನನ್ನ ಗಾಡಿಯಲ್ಲೂ ಇದೇ ಶಬ್ದ. ಹಾಕಿಸಲಾ?

ತುಮಕೂರು ಮೇಷ್ಟ್ರು:

ಬೇಡ. ದಪ್ಪ ಆಯಿಲ್‌ನಿಂದ ಶಾಫ್ಟ್ ಒಂಚೂರು ಬೇಗ ನಿಲ್ಲಬಹುದು. ಆದರೆ ಬೆಳಗಿನ ಚಳಿಯಲ್ಲಿ ಮುಂದಿನ ಗೇರುಗಳೆಲ್ಲ ಬಿಗಿಯಾಗುತ್ತವೆ, ಸಿಂಕ್ರೊ ರಿಂಗ್‌ಗೆ ಕೆಲಸ ಜಾಸ್ತಿಯಾಗುತ್ತದೆ. ಕ್ಲಚ್ ಬಿಡದೇ ಇದ್ದರೆ ಯಾವ ಆಯಿಲ್ ಹಾಕಿದರೂ ಶಬ್ದ ಹೋಗುವುದಿಲ್ಲ, ಇಂಜಿನ್ನೇ ಶಾಫ್ಟನ್ನು ತಿರುಗಿಸುತ್ತಿರುತ್ತದಲ್ಲ.

ಡಬ್ಬದ ಮೇಲೆ ಎರಡು ವಿಷಯ ನೋಡಬೇಕು. 75ಡಬ್ಲ್ಯೂ-90 ಎಂಬ ಥರ ಬರೆದಿರುವುದು ದಪ್ಪದ ಲೆಕ್ಕ. ಜಿಎಲ್-4, ಜಿಎಲ್-5 ಎಂದಿರುವುದು ಒಳಗೆ ಬೆರೆಸಿದ ಸೇರ್ಪಡೆಯ ದರ್ಜೆ. ಜಿಎಲ್-5 ಅಂದರೆ ಇನ್ನೂ ಒಳ್ಳೆಯದು ಎಂದು ಅಂಗಡಿಯಲ್ಲಿ ಕೊಟ್ಟುಬಿಡುತ್ತಾರೆ. ಅದರಲ್ಲಿ ಗಂಧಕ, ರಂಜಕದ ಸೇರ್ಪಡೆ ಜಾಸ್ತಿ. ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್‌ನ ಭಾರಕ್ಕೆ ಅದು ಬೇಕು. ಆದರೆ ಕೆಲವು ಜಿಎಲ್-5 ಆಯಿಲ್‌ಗಳು ಸಿಂಕ್ರೊ ರಿಂಗಿನ ಹಿತ್ತಾಳೆಗೆ ಒಗ್ಗುವುದಿಲ್ಲ. ಜತೆಗೆ ಜಾರಿಕೆ ಜಾಸ್ತಿಯಾದರೆ ರಿಂಗ್ ಕೋನನ್ನು ಹಿಡಿಯುವುದೂ ನಿಧಾನವಾಗುತ್ತದೆ. ಗಾಡಿಯ ಜತೆ ಕೊಟ್ಟ ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನೇ ಹಾಕಿಸಿ.

ಆಯಿಲ್ ಬದಲಿಸುವ ದಿನ ಡ್ರೈನ್ ಬೋಲ್ಟ್ ಮಾತ್ರ ತಪ್ಪದೆ ನೋಡಿ. ಹಲವು ಗಾಡಿಗಳಲ್ಲಿ ಅದಕ್ಕೆ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದುಬಣ್ಣದ ನುಣುಪು ಪೇಸ್ಟ್ ಇದ್ದರೆ ಅದು ಮಾಮೂಲಿ ಸವೆತ. ಉಗುರಿಗೆ ಸಿಗುವಂಥ ಚೂರುಗಳು ಇದ್ದರೆ ಹಲ್ಲು ಒಡೆದಿರಬಹುದು.

ಉಡುಪಿ ಉಪ್ಪುಗಾಳಿ:

ನಮ್ಮ ಕರಾವಳಿಯ ಕಡೆ ನೋಡಿದ್ದು ಒಂದಿದೆ. ಮಳೆಗಾಲ ಪೂರ್ತಿ ನಿಲ್ಲಿಸಿದ ಗಾಡಿ ತೆಗೆದರೆ ರಿವರ್ಸ್ ಬೀಳುವುದೇ ಇಲ್ಲ. ಒಂದನೇ ಗೇರೂ ಕಷ್ಟ. ತುಕ್ಕು ಹಿಡಿದು ಕ್ಲಚ್ ಪ್ಲೇಟ್ ಇಂಜಿನ್ ಜತೆ ಸುತ್ತುವ ಫ್ಲೈವೀಲಿಗೇ ಅಂಟಿರುತ್ತದೆ. ಇಲ್ಲದಿದ್ದರೆ ಶಾಫ್ಟಿನ ಮೇಲಿನ ಗೀರುಗಳಲ್ಲಿ, ಅದೇ ಸ್ಪ್ಲೈನ್ ಅನ್ನುತ್ತಾರಲ್ಲ, ಅಲ್ಲಿ ತುಕ್ಕು ಸೇರಿ ಪ್ಲೇಟ್ ಹಿಂದೆ ಮುಂದೆ ಜಾರುವುದಿಲ್ಲ. ಪ್ರೆಶರ್ ಪ್ಲೇಟ್ ಬಿಟ್ಟರೂ ಪ್ಲೇಟ್ ಅಲ್ಲೇ ತಾಗಿಕೊಂಡಿರುತ್ತದೆ. ಅಂಟಿದ್ದು ಮಾತ್ರವಾದರೆ ಕೆಲವೊಮ್ಮೆ ಸ್ವಲ್ಪ ಓಡಿಸಿದ ಮೇಲೆ ಬಿಡುತ್ತದೆ. ಸ್ಪ್ಲೈನ್ ತುಕ್ಕಾದರೆ ಗೇರ್‌ಬಾಕ್ಸ್ ಇಳಿಸಿ ಉಜ್ಜಿ, ಅದಕ್ಕೆಂದೇ ಬರುವ ಗ್ರೀಸ್ ತೆಳುವಾಗಿ ಸವರಿ ಕೂರಿಸಬೇಕು. ಜಾಸ್ತಿ ಸವರಿದರೆ ಅದೇ ಗ್ರೀಸ್ ಹಾರಿ ಪ್ಲೇಟಿಗೆ ತಾಗುತ್ತದೆ.

ಕಾಫಿಯವರ ಗಾಡಿಯದು ಇದಲ್ಲ ಅನ್ನಿಸುತ್ತದೆ. ಪೆಡಲ್ ಪಟಪಟ ಒತ್ತಿದರೆ ತುಕ್ಕು ಬಿಡುವುದಿಲ್ಲವಲ್ಲ.

ಸೋಮವಾರಪೇಟೆ ಕಾಫಿ:

ನಿಜ. ಹುಬ್ಬಳ್ಳಿಯವರು ಹೇಳಿದ ಹಾಗೆ ಶಾಲೆಯ ಮೈದಾನದಲ್ಲಿ ಪರೀಕ್ಷೆ ಮಾಡಿದೆ. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಕೊಟ್ಟಾಗ ಗಾಡಿ ಮೆಲ್ಲಗೆ ಸರಿಯಿತು, ಕ್ಲಚ್ ತಳದಲ್ಲೇ ಇತ್ತು.

ಒಂದೇ ಡಬ್ಬಿ. ಮಟ್ಟ ಕೆಳಗಿನ ಗೆರೆಯ ಹತ್ತಿರ. ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿದೆ. ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಮೇಲೆ ಹೊರಗೇ ಕಾಣುತ್ತದೆ. ರಬ್ಬರ್ ಬೂಟಿನ ಅಂಚನ್ನು ಬೆರಳಲ್ಲಿ ಸರಿಸಿದಾಗ ಒಳಗಿನಿಂದ ಹನಿ ಇಳಿದು ಉಗುರಿನ ಸಂದಿಗೆ ಬಂತು. ಬೂಟಿನ ಕೆಳಗೆ ಗೇರ್‌ಬಾಕ್ಸ್ ಮೈಮೇಲೆ ಧೂಳು ಒದ್ದೆಯಾಗಿ ಕಪ್ಪಗೆ ಕೂತಿದೆ. ಸುತ್ತಲೂ ಎಲ್ಲ ಒಣಗಿದೆ, ಅಲ್ಲಿ ಮಾತ್ರ ಹೀಗೆ.

ಹುಬ್ಬಳ್ಳಿ ಗ್ಯಾರೇಜ್:

ಸಿಕ್ಕಿತು ಸರ್. ಸ್ಲೇವ್ ಸಿಲಿಂಡರ್ ಸೀಲ್ ಹೋಗಿದೆ. ಆಯಿಲ್ ಹೊರಗೆ ಬರುವ ದಾರಿಯಲ್ಲೇ ಗಾಳಿ ಒಳಗೆ ಹೋಗಿದೆ. ಹೊರಗಿರುವ ಸ್ಲೇವ್ ಆದ್ದರಿಂದ ನಿಮ್ಮ ಅದೃಷ್ಟ ಚೆನ್ನಾಗಿದೆ. ಕೆಲವು ಗಾಡಿಗಳಲ್ಲಿ ಅದು ರಿಲೀಸ್ ಬೇರಿಂಗ್ ಜತೆಯಲ್ಲೇ ಗೇರ್‌ಬಾಕ್ಸ್ ಒಳಗಡೆ ಇರುತ್ತದೆ. ಅಂಥದ್ದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಹೇಗಿದ್ದರೂ ಇಳಿಸುತ್ತೇವಲ್ಲ, ಪ್ಲೇಟ್ ಸವೆದಿದ್ದರೆ ಆಗಲೇ ಕ್ಲಚ್ ಸೆಟ್ಟನ್ನೂ ಬದಲಿಸುವುದು ಲಾಭ. ನಿಮ್ಮದರಲ್ಲಿ ಬೋಲ್ಟ್ ಬಿಚ್ಚಿ, ಪೈಪ್ ಬಿಚ್ಚಿ, ಹೊಸದು ಕೂರಿಸಿದರೆ ಮುಗಿಯಿತು.

ಬಿಡಿಭಾಗ ಹಾಕಿದ ಮೇಲೆ ಗಾಳಿ ತೆಗೆಯುವುದೇ ಮುಖ್ಯ ಕೆಲಸ. ಎದುರಿಗೆ ನಿಂತು ಮಾಡಿಸಿ. ಸ್ಲೇವ್‌ನಲ್ಲಿ ಗಾಳಿ ಬಿಡಲು ಇರುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಅದರ ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಗೆ ಬಂದ ಮೇಲೆ ಬಿಗಿಯಬೇಕು. ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಗಾಳಿಯನ್ನು ಮತ್ತೆ ಒಳಗೆ ಎಳೆಯುತ್ತದೆ. ಪೈಪಿನಲ್ಲಿ ಗುಳ್ಳೆ ಬರುವುದು ನಿಂತು ತಿಳಿಯಾದ ಹೊಸ ಆಯಿಲ್ ಬರುವ ತನಕ ಇದೇ ಕೆಲಸ. ಅಷ್ಟು ಹೊತ್ತೂ ಮೇಲಿನ ಡಬ್ಬಿ ಖಾಲಿಯಾಗಬಾರದು.

ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬ್ರೇಕ್ ಆಯಿಲಿನ ದರ್ಜೆ ಬರೆದಿರುತ್ತದೆ. ಅದನ್ನೇ ಹಾಕಿಸಿ, ಸೀಲ್ ಒಡೆಯದ ಹೊಸ ಬಾಟಲಿಯಿಂದ. ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಬೀಳಬಾರದು. ಒಳಗಿನ ರಬ್ಬರ್ ಸೀಲ್‌ಗಳೆಲ್ಲ ಊದಿಕೊಳ್ಳುತ್ತವೆ, ಬ್ರೇಕಿನವೂ ಸೇರಿ. ಪೇಂಟ್ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಬಣ್ಣ ಕಿತ್ತು ಬರುತ್ತದೆ.

ತುಮಕೂರು ಮೇಷ್ಟ್ರು:

ಆಯಿಲ್ ಬಣ್ಣದ ಬಗ್ಗೆ ನಾನು ಒತ್ತಿ ಹೇಳಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂದು ನಿಯಮ. ಅದೇ ಆಯಿಲ್ ಶೇ. 3.7ರಷ್ಟು ನೀರು ಹೀರಿದ ಮೇಲೆ ಕನಿಷ್ಠ 155 ಡಿಗ್ರಿ ಇದ್ದರೆ ಸಾಕು ಎನ್ನುತ್ತದೆ ಅದೇ ನಿಯಮ. ಅಷ್ಟು ಇಳಿಯುತ್ತದೆ! ಕೊಡಗಿನ ಮಳೆ, ಘಾಟಿ ಇಳಿಯುವಾಗಿನ ಬ್ರೇಕಿನ ಬಿಸಿ ಎರಡೂ ನಿಮಗಿವೆ. ಡಬ್ಬಿ ಒಂದೇ ಆದ್ದರಿಂದ ಕ್ಲಚ್ ಜತೆಗೆ ನಾಲ್ಕೂ ಚಕ್ರದ ಬ್ರೇಕ್ ಆಯಿಲನ್ನೂ ಬದಲಿಸಿ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಬಹಳಷ್ಟು ಗಾಡಿಗಳ ಪುಸ್ತಕದಲ್ಲೇ ಇರುತ್ತದೆ, ಆದರೆ ಸರ್ವಿಸ್ ಬಿಲ್ಲಿನಲ್ಲಿ ಅದು ಕಾಣುವುದು ಕಡಿಮೆ.

ಸೋಮವಾರಪೇಟೆ ಕಾಫಿ:

ಸ್ಲೇವ್ ಸಿಲಿಂಡರ್ ಹಾಕಿಸಿದೆ. ಬ್ರೇಕ್ ಆಯಿಲೂ ಪೂರ್ತಿ ಹೊಸದು. ಹಳೆಯ ಸಿಲಿಂಡರ್ ಬಿಚ್ಚಿ ನೋಡಿದಾಗ ಸೀಲಿನ ತುಟಿ ಒಂದು ಕಡೆ ಹರಿದಿತ್ತು, ಒಳಗೋಡೆಯಲ್ಲಿ ತುಕ್ಕಿನ ಚುಕ್ಕೆಗಳು. ಈಗ ಪೆಡಲ್ ನಡುವಿಗೆ ಬಂದಾಗ ಗಾಡಿ ಎಳೆಯುತ್ತದೆ. ಬಿಸಿಯಾದ ಮೇಲೂ ಮೂರು ಎಣಿಸಿ ಹಾಕಿದರೆ ಶಬ್ದವಿಲ್ಲ. ಕ್ಲಚ್ ಸೆಟ್ ಹಳೆಯದೇ ಇದೆ. ಹುಬ್ಬಳ್ಳಿಯವರಿಗೆ, ಮೇಷ್ಟ್ರಿಗೆ, ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಚಿಂತಾಮಣಿ ಟೊಮೆಟೊ:

ನನ್ನದು ಹಳೆಯ ಸಣ್ಣ ಗಾಡಿ, ಕೇಬಲ್ ಕ್ಲಚ್. ಅದರಲ್ಲೂ ಇದೇ ಶಬ್ದ. ಇಲ್ಲಿ ಗಾಳಿಯ ಪ್ರಶ್ನೆ ಇಲ್ಲ ಅಲ್ವಾ?

ಹುಬ್ಬಳ್ಳಿ ಗ್ಯಾರೇಜ್:

ಇಲ್ಲ ಅಣ್ಣ. ಪೆಡಲನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ. ಬಿಗಿ ಸಿಗುವ ಮೊದಲು ಸ್ವಲ್ಪ ದೂರ ಖಾಲಿ ಹೋಗುತ್ತದೆ, ಅದೇ ಫ್ರೀ ಪ್ಲೇ. ಎಷ್ಟಿರಬೇಕು ಅಂತ ಪುಸ್ತಕದಲ್ಲಿದೆ. ಜಾಸ್ತಿ ಇದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಅಡ್ಜಸ್ಟ್ ಮಾಡುವ ನಟ್ ಇದೆ. ಆದರೆ ಫ್ರೀ ಪ್ಲೇ ಇಲ್ಲವೇ ಇಲ್ಲ ಅನ್ನುವಷ್ಟು ಬಿಗಿಯಬೇಡಿ, ಆಗ ಪ್ಲೇಟ್ ಜಾರಿ ಬೇಗ ಸುಡುತ್ತದೆ. ಆ ತುದಿಯಲ್ಲೇ ಕೇಬಲಿನ ಎಳೆಗಳನ್ನೂ ನೋಡಿ. ಒಂದೆರಡು ಎಳೆ ಹರಿದು ನಿಂತಿದ್ದರೆ ಅಡ್ಜಸ್ಟ್ ಮಾಡಬೇಡಿ, ಕೇಬಲನ್ನೇ ಬದಲಿಸಿ.

ಗದಗ ಜೀಪು:

ಹಿಂದಿನ ಚಕ್ರಕ್ಕೆ ಎಳೆತ ಇರುವ ಗಾಡಿಯವರಿಗೆ ಒಂದು ಮಾತು. ಜೀಪು, ಗೂಡ್ಸ್ ಗಾಡಿಗಳಲ್ಲಿ ಇನ್‌ಪುಟ್ ಶಾಫ್ಟಿನ ತುದಿ ಇಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಹಿಂಬದಿಯ ಒಂದು ಸಣ್ಣ ಬೇರಿಂಗ್ ಒಳಗೆ ಕೂತಿರುತ್ತದೆ. ಅದು ಪೈಲಟ್ ಬೇರಿಂಗ್. ಅದು ಜಾಮ್ ಆದರೆ ಕ್ಲಚ್ ಎಷ್ಟೇ ಚೆನ್ನಾಗಿ ಬಿಟ್ಟರೂ ಇಂಜಿನ್ ಆ ಬೇರಿಂಗ್ ಮೂಲಕವೇ ಶಾಫ್ಟನ್ನು ಸುತ್ತಿಸುತ್ತದೆ. ನಮ್ಮ ಜೀಪಿನಲ್ಲಿ ಕ್ಲಚ್ ಒತ್ತಿದಾಗ ಮಾತ್ರ ಕೀರಲು ಶಬ್ದ ಬರುತ್ತಿತ್ತು, ಜತೆಗೆ ರಿವರ್ಸ್ ಕರ್ರ್. ಕ್ಲಚ್ ಸೆಟ್ ಹಾಕುವಾಗ ಆ ಸಣ್ಣ ಬೇರಿಂಗನ್ನೂ ಹಾಕಿ ಎಂದು ಬಾಯಿಬಿಟ್ಟು ಹೇಳಿ.

ಕಲಬುರಗಿ ಬಿಸಿಲು:

ನನ್ನದು ಸ್ವಲ್ಪ ಬೇರೆ. ಕರ್ರ್ ಶಬ್ದವೇ ಇಲ್ಲ. ಇಂಜಿನ್ ಆಫ್ ಮಾಡಿದರೂ ರಿವರ್ಸ್ ಬೀಳುವುದಿಲ್ಲ. ಹಾಸನದ ಯಜಮಾನರು ಹೇಳಿದ ಹಾಗೆ ಕ್ಲಚ್ ಬಿಟ್ಟು ಒತ್ತಿದರೂ ಇಲ್ಲ. ಗೇರ್ ನಾಬ್ ಕೆಳಗಿನ ರಿಂಗ್ ಎತ್ತಿ ಹಾಕುವ ಗಾಡಿ.

ಹುಬ್ಬಳ್ಳಿ ಗ್ಯಾರೇಜ್:

ಇಂಜಿನ್ ಆಫ್ ಇದ್ದಾಗಲೂ ಬೀಳದಿದ್ದರೆ ಅದು ಕ್ಲಚ್ಚಿನ ಕೆಲಸ ಅಲ್ಲ. ಲಿವರ್‌ನಿಂದ ಗೇರ್‌ಬಾಕ್ಸ್ ತನಕದ ದಾರಿಯಲ್ಲಿ ಹುಡುಕಬೇಕು. ಮೊದಲು ಆ ರಿಂಗ್. ಮುಂದೆ ಹೋಗುವಾಗ ಯಾರೂ ಅಕಸ್ಮಾತ್ ರಿವರ್ಸ್ ಎಳೆಯದಿರಲಿ ಅಂತ ಇಟ್ಟ ತಡೆ ಅದು. ರಿಂಗ್ ಎತ್ತಿದಾಗ ಕೆಳಗಿನ ತಡೆಯೂ ಜತೆಗೇ ಪೂರ್ತಿ ಎದ್ದು ಬರಬೇಕು. ಲಿವರ್ ಸುತ್ತಲಿನ ಚರ್ಮದ ಹೊದಿಕೆ ಬಿಡಿಸಿ, ರಿಂಗ್ ಎತ್ತುತ್ತ ಒಳಗೆ ನೋಡಿ. ರಿಂಗ್ ಮೇಲೆ ಬಂದು ಕೆಳಗಿನದು ಅಲ್ಲೇ ಉಳಿದರೆ ಅಲ್ಲಿಯೇ ಕಾರಣ.

ಅದು ಸರಿಯಿದ್ದರೆ ಒಬ್ಬರು ಒಳಗೆ ಕೂತು ಲಿವರ್ ಆಡಿಸಲಿ, ನೀವು ಬಾನೆಟ್ ಕೆಳಗೆ ಗೇರ್‌ಬಾಕ್ಸ್ ಮೇಲಿನ ಕೇಬಲ್ ತುದಿಗಳನ್ನು ನೋಡಿ. ಇಂಜಿನ್ ಆಫ್ ಇರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಒಂದು ಕೇಬಲ್ ಎಡ-ಬಲಕ್ಕೆ, ಇನ್ನೊಂದು ಹಿಂದೆ-ಮುಂದೆ. ತುದಿಯಲ್ಲಿ ಪ್ಲಾಸ್ಟಿಕ್ ಬುಷ್ ಇರುತ್ತದೆ. ನಿಮ್ಮ ಕಡೆಯ ಬಿಸಿಲಿಗೂ ಇಂಜಿನ್ ಕಾವಿಗೂ ಅದು ಗಟ್ಟಿಯಾಗಿ ಒಡೆಯುತ್ತದೆ. ಆಗ ಲಿವರ್ ಪೂರ್ತಿ ಸರಿದರೂ ಕೇಬಲ್ ಅರ್ಧ ಮಾತ್ರ ಎಳೆಯುತ್ತದೆ. ರಿವರ್ಸ್ ಇರುವುದು ತುದಿಯ ಸಾಲಿನಲ್ಲಿ, ಆದ್ದರಿಂದ ಮೊದಲು ಕೈಕೊಡುವುದು ಅದೇ. ಬುಷ್ ಪುಡಿಯಾಗಿದ್ದರೆ ಬುಷ್ ಅಷ್ಟೇ ಸಿಗುತ್ತದಾ ಕೇಳಿ, ಸಿಗದಿದ್ದರೆ ಮಾತ್ರ ಇಡೀ ಕೇಬಲ್. ನೋಡಿ ಏನು ಕಂಡಿತು ಅಂತ ಬರೆಯಿರಿ, ಒಂದು ಫೋಟೊ ಹಾಕಿದರೆ ಇನ್ನೂ ಒಳ್ಳೆಯದು.